ಪಥ್ಯವೋ, ಉಪವಾಸವೋ?

ಕ್ರಿಸ್ತಜಯಂತಿ ಮುಗಿದು ವಿಭೂತಿ ಬುಧವಾರ ಬರುವ ತನಕದ ವಾರಗಳಲ್ಲಿ, ರವಿವಾರದ ಬಲಿಪೂಜೆ ಮುಗಿಸಿ ದೇವಾಲಯದ ಅಂಗಳಕ್ಕೆ ಇಳಿದವರ ಬಾಯಲ್ಲಿ ಒಂದು ಮಾತು ಪ್ರತಿವರ್ಷ ತಪ್ಪದೆ ಕೇಳಿಬರುತ್ತದೆ: "ಸಕ್ರಿ ಬಿಟ್ಟೀನ್ರೀ." ಬಿಡಲು ಕಾರಣ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ಡಿಸೆಂಬರ್ ಮೂರನೆಯ ವಾರದಿಂದ ಕರ್ಚಿಕಾಯಿ, ಶಂಕರಪೋಳಿ, ಬೇಸನ್ ಉಂಡಿಗಳ ಡಬ್ಬಿಗಳು ತುಂಬುತ್ತವೆ. ಅದರ ಮೇಲೆ ಕೇಕು. ಆ ಡಬ್ಬಿಗಳು ಖಾಲಿಯಾಗುವ ಮೊದಲೇ ಸಂಕ್ರಾಂತಿಯ ಎಳ್ಳುಬೆಲ್ಲ ಹಿಡಿದು ಪಕ್ಕದ ಮನೆಯವರು ಬರುತ್ತಾರೆ, ಸೋಲಾಪುರದ ಸಿದ್ಧೇಶ್ವರ ಜಾತ್ರೆಯ ಮಿಠಾಯಿ ಬರುತ್ತದೆ. ತಪಸ್ಸುಕಾಲದಲ್ಲಿ ಮದುವೆ ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿಲ್ಲವಾದ್ದರಿಂದ ಇರುವ ಮದುವೆಗಳೆಲ್ಲ ಅದರ ಮುಂಚೆಯೇ ಒತ್ತಿಕೊಂಡು ಬರುತ್ತವೆ. ಫೆಬ್ರವರಿ ಹೊತ್ತಿಗೆ ಅಂಗಿಯ ಗುಂಡಿ ತಾನೇ ಮಾತಾಡತೊಡಗುತ್ತದೆ.

ಹೀಗೆ ಸಕ್ಕರೆ ಬಿಟ್ಟವರಲ್ಲಿ ಕೆಲವರು ಅದನ್ನೇ ತಪಸ್ಸುಕಾಲದ ವ್ರತವನ್ನಾಗಿ ಮಾಡಿಕೊಳ್ಳುತ್ತಾರೆ. "ಉಪವಾಸಾನೂ ಆತು, ತೂಕಾನೂ ಇಳೀತು" ಎನ್ನುವವರಿದ್ದಾರೆ. ಅದಕ್ಕೆ ಹಿರಿಯರು ಕೊಡುವ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: "ಅದು ಉಪವಾಸ ಅಲ್ಲೋ ತಮ್ಮಾ, ಡಾಕ್ಟರ್ ಚೀಟಿ." ಎರಡೂ ಕಡೆಯವರು ನಕ್ಕು ಸುಮ್ಮನಾಗುತ್ತಾರೆ. ಆದರೆ ಪ್ರಶ್ನೆ ನಗೆಯಲ್ಲಿ ಮುಗಿಯುವಂಥದ್ದಲ್ಲ ಎಂದು ನನಗೆ ತೋರುತ್ತದೆ. ಅತಿಯಾಗಿ ತಿಂದವನು ದೇಹವನ್ನು ಮತ್ತೆ ಹದಕ್ಕೆ ತರಲೆಂದು ಸಕ್ಕರೆ ಬಿಟ್ಟರೆ ಅದು ಸದ್ಗುಣವೇ, ಬರೀ ಲೆಕ್ಕಾಚಾರವೇ, ಅಥವಾ ಮೈಯ ಮೋಹವೇ? ದೇವರಿಗೆ ಕೊಟ್ಟೆನೆಂದು ಹೇಳಿದ್ದು ನಿಜವಾಗಿ ಯಾರಿಗೆ ಹೋಯಿತು?

ಮೊದಲು ಸಣ್ಣದೊಂದು ಲೆಕ್ಕ ಮಾಡಿಬಿಡೋಣ. ನಮ್ಮ ಕಡೆ ದಿನಕ್ಕೆ 4 ಕಪ್ ಚಹಾ ಕುಡಿಯುವುದು ಹೆಚ್ಚೇನಲ್ಲ. ಕಪ್ಪಿಗೆ 2 ಚಮಚೆ ಸಕ್ಕರೆ, ಚಮಚೆಗೆ ಸುಮಾರು 5 ಗ್ರಾಮ್ ಹಿಡಿದರೆ ದಿನಕ್ಕೆ 40 ಗ್ರಾಮ್. 40 ದಿನಕ್ಕೆ 1,600 ಗ್ರಾಮ್. ಒಂದು ಗ್ರಾಮ್ ಸಕ್ಕರೆಯಲ್ಲಿ 4 ಕ್ಯಾಲರಿ ಇರುವುದರಿಂದ ಒಟ್ಟು 6,400 ಕ್ಯಾಲರಿ. ದೇಹದ ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲರಿ ಬೇಕು ಎನ್ನುತ್ತಾರೆ. ಅಂದರೆ ಉಳಿದದ್ದೆಲ್ಲ ಮೊದಲಿನ ಹಾಗೆಯೇ ಇದ್ದು, ಚಹಾದ ಸಕ್ಕರೆ ಮಾತ್ರ ಇಡೀ ತಪಸ್ಸುಕಾಲ ಬಿಟ್ಟರೆ ಇಳಿಯುವುದು ಕಿಲೋ ಒಂದಕ್ಕಿಂತ ಕಡಿಮೆ. ಬೆಲ್ಲಕ್ಕೆ ಬದಲಾಯಿಸಿದೆ, ಜೇನುತುಪ್ಪಕ್ಕೆ ಬದಲಾಯಿಸಿದೆ ಎಂದರೆ ಅಷ್ಟೂ ಇಳಿಯುವುದಿಲ್ಲ. ಹೊಟ್ಟೆಗೆ ಹೋದ ಮೇಲೆ ಅವೂ ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015 ರಲ್ಲಿ ಕೊಟ್ಟ ಸಲಹೆಯಲ್ಲಿ ಜೇನುತುಪ್ಪವನ್ನೂ ಸೇರಿಸಿಯೇ ಮಿತಿ ಹೇಳಿದೆ. ದಿನಕ್ಕೆ 2,000 ಕ್ಯಾಲರಿ ಉಣ್ಣುವವರಿಗೆ ಆ ಮಿತಿ ಸುಮಾರು 50 ಗ್ರಾಮ್, ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಸಕ್ಕರೆಗೆ ಬದಲಾಗಿ ಬರುವ ಸಿಹಿ ಗುಳಿಗೆಗಳನ್ನು ತೂಕ ಇಳಿಸಲೆಂದು ಬಳಸಬೇಡಿ ಎಂದು ಅದೇ ಸಂಸ್ಥೆ 2023 ರಲ್ಲಿ ಹೇಳಿತು. ಆದ್ದರಿಂದ ಬರೀ ಚಹಾದ ಸಕ್ಕರೆ ಬಿಟ್ಟು ಮದುವೆಯ ಹೊತ್ತಿಗೆ ಹಳೆಯ ಕೋಟು ಹಿಡಿಸುತ್ತದೆಂದು ಯಾರಾದರೂ ನಂಬಿದ್ದರೆ ಆ ನಂಬಿಕೆಗೆ ಆಧಾರ ಕಡಿಮೆ. ಕರ್ಚಿಕಾಯಿ, ತಂಪು ಪಾನೀಯ, ಬೇಕರಿಯ ತಿಂಡಿ, ಎಣ್ಣೆ ಇವೆಲ್ಲ ಕಡಿಮೆಯಾಗಿ ಕಾಲುಗಳೂ ಸ್ವಲ್ಪ ನಡೆದರೆ ಮಾತು ಬೇರೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಕನ್ನಡದಲ್ಲಿ ಇದಕ್ಕೆ ಎರಡು ಒಳ್ಳೆಯ ಶಬ್ದಗಳಿವೆ: ಪಥ್ಯ ಮತ್ತು ಉಪವಾಸ. ಬಾಣಂತಿಗೆ ಪಥ್ಯ, ಕಾಮಾಲೆ ಬಂದವನಿಗೆ ಪಥ್ಯ, ಔಷಧ ತಿನ್ನುವವನಿಗೆ ಪಥ್ಯ. ಅದು ಮೈಗಾಗಿ. ಉಪವಾಸ ದೇವರಿಗಾಗಿ. ನಮ್ಮ ಹಿರಿಯರು ಒಂದನ್ನು ಇನ್ನೊಂದೆಂದು ಕರೆದವರಲ್ಲ. ಹಾಗಾದರೆ ಮೇಲಿನ ಹಿರಿಯರ ಮಾತೇ ಸರಿ, ಇಲ್ಲಿಗೆ ಮುಗಿಯಿತು ಎನ್ನಬಹುದಿತ್ತು. ಆದರೆ ಈ ವಿಷಯದಲ್ಲಿ ಧರ್ಮಸಭೆಯ ದೊಡ್ಡ ಶಾಸ್ತ್ರಿಗಳಾದ ಸಂತ ಥಾಮಸ್ ಅಕ್ವಿನಾಸರು ಅಷ್ಟು ಕಟ್ಟುನಿಟ್ಟಾಗಿ ಗೆರೆ ಎಳೆಯುವುದಿಲ್ಲ. ತಮ್ಮ ಸುಮ್ಮಾ ಗ್ರಂಥದಲ್ಲಿ ಅವರು, ನಾಲಿಗೆಯ ಸುಖವನ್ನು ಬಿಡುವುದು ಯಾವಾಗ ಮೆಚ್ಚತಕ್ಕದ್ದು ಎಂದು ಕೇಳಿಕೊಂಡು, ಮೊದಲ ಕಾರಣವಾಗಿ ದೇಹದ ಆರೋಗ್ಯವನ್ನೇ ಹೇಳುತ್ತಾರೆ. ಆಮೇಲೆ ಕುಸ್ತಿಯವರನ್ನೂ ಸೈನಿಕರನ್ನೂ ಹೆಸರಿಸುತ್ತಾರೆ. ತಮ್ಮ ಕೆಲಸ ಸರಿಯಾಗಿ ಮಾಡಲಿಕ್ಕೆಂದು ಅವರು ಎಷ್ಟೋ ಸುಖಗಳನ್ನು ಬಿಡುತ್ತಾರಲ್ಲ ಎಂದು. ಅನಂತರ ಪಶ್ಚಾತ್ತಾಪಪಡುವವರ ಮಾತು. ಆತ್ಮದ ಆರೋಗ್ಯವನ್ನು ಮರಳಿ ಪಡೆಯಲು ಅವರು ಸುಖತ್ಯಾಗವನ್ನು ಒಂದು ಬಗೆಯ ಪಥ್ಯದಂತೆ ಬಳಸುತ್ತಾರೆ ಎನ್ನುತ್ತಾರೆ. ಪಥ್ಯ ಎನ್ನುವುದು ನಾನು ಒತ್ತಾಯದಿಂದ ತಂದ ಶಬ್ದವಲ್ಲ. ಲ್ಯಾಟಿನ್ನಿನಲ್ಲಿ ಅವರು ಬಳಸಿದ ಶಬ್ದವೂ ವೈದ್ಯರು ರೋಗಿಗೆ ಹೇಳುವ ಆಹಾರಕ್ರಮದ ಶಬ್ದವೇ. ಎಂದರೆ ಮೈಗೆಂದು ಸಕ್ಕರೆ ಬಿಟ್ಟವನನ್ನು ಕೀಳಾಗಿ ಕಾಣಲು ನಮಗೆ ಅಧಿಕಾರವಿಲ್ಲ. ದೇಹವೂ ದೇವರು ಕೊಟ್ಟದ್ದೇ. ಮೊಮ್ಮಕ್ಕಳನ್ನು ಎತ್ತಿಕೊಳ್ಳುವಷ್ಟು, ದೇವಾಲಯದ ಮೆಟ್ಟಿಲು ಹತ್ತುವಷ್ಟು ಅದನ್ನು ಗಟ್ಟಿಯಾಗಿ ಇಟ್ಟುಕೊಳ್ಳುವುದು ಕರ್ತವ್ಯವೇ.

ಇಲ್ಲಿ ಒಂದು ಮಾತನ್ನು ಹೇಳಿ ಮುಂದೆ ಹೋಗುತ್ತೇನೆ. ಇಷ್ಟೆಲ್ಲ ಮಿತಾಹಾರದ ಬಗ್ಗೆ ಬರೆದ ಸಂತ ಥಾಮಸರು ಸ್ಥೂಲಕಾಯದವರಾಗಿದ್ದರೆಂದು ಅವರ ಮೊದಲ ಚರಿತ್ರಕಾರರೇ ತಿಳಿಸುತ್ತಾರೆ. ಅವರಿಗೆ ಸಂತಪದವಿ ಸಿಗಲು ಅದು ಅಡ್ಡ ಬರಲಿಲ್ಲ. ಆದ್ದರಿಂದ ಅಂಗಳದಲ್ಲಿ ನಿಂತು "ಯಾಕವ್ವಾ, ಭಾಳ ದಪ್ಪ ಆಗೀಯಲ್ಲಾ" ಎಂದು ಪರರ ಮಗಳಿಗೆ, ಅದೂ ನಿಶ್ಚಿತಾರ್ಥವಾದ ಹುಡುಗಿಗೆ, ನಾಲ್ಕು ಜನರ ಮುಂದೆ ಹೇಳುವವರು ತಾವು ಯಾವ ಪಾಪವನ್ನು ಕಂಡುಹಿಡಿದೆವು ಎಂದುಕೊಂಡಿದ್ದಾರೋ ತಿಳಿಯದು. ದಪ್ಪಗಿರುವುದು ಪಾಪವಲ್ಲ, ತೆಳ್ಳಗಿರುವುದು ಪುಣ್ಯವಲ್ಲ. ಥೈರಾಯ್ಡ್ ಇರುತ್ತದೆ, ಹೆರಿಗೆಯಾಗಿರುತ್ತದೆ, ಅಪ್ಪನ ಮೈಕಟ್ಟು ಬಂದಿರುತ್ತದೆ, ತಿನ್ನುವ ಗುಳಿಗೆಯ ಪರಿಣಾಮವಿರುತ್ತದೆ. ಅಂಥ ಮಾತು ಕೇಳಿ ಊಟವನ್ನೇ ಬಿಟ್ಟು ಕೂತ ಹುಡುಗಿಯರಿದ್ದಾರೆ. ಅದಕ್ಕೆ ಉಪವಾಸವೆಂಬ ಹೆಸರು ಹಚ್ಚಿದರೆ ಮನೆಯವರು ಪ್ರಶ್ನಿಸಲೂ ಹಿಂಜರಿಯುತ್ತಾರೆ. ಆ ಹಸಿವಿನ ಲೆಕ್ಕ ಆಕೆಯ ಮೇಲಲ್ಲ, ಮಾತಾಡಿದ ನಾಲಿಗೆಯ ಮೇಲಿದೆ.

ಹಾಗಾದರೆ ಅತಿಯಾಗಿ ತಿಂದದ್ದು ಎಲ್ಲಿ? ಹಬ್ಬದ ದಿನ ಹೊಟ್ಟೆ ತುಂಬ ಉಂಡದ್ದು ಅತಿಯಲ್ಲ. ನಮ್ಮ ಸ್ವಾಮಿ ಯೇಸುವೇ ಕಾನಾ ಊರಿನ ಮದುವೆಯಲ್ಲಿ ಆರು ಕಲ್ಲಿನ ಬಾನೆಗಳ ತುಂಬ ನೀರನ್ನು ದ್ರಾಕ್ಷಾರಸ ಮಾಡಿದರು; ಸಂತ ಯೊವಾನ್ನರು ಕೊಟ್ಟ ಅಳತೆಯ ಪ್ರಕಾರ ಒಟ್ಟಿಗೆ ಅದು ನೂರಾರು ಲೀಟರ್ ಆಗುತ್ತದೆ. ಅವರನ್ನು ಹೊಟ್ಟೆಬಾಕ ಎಂದು ಕರೆದವರೂ ಇದ್ದರೆಂದು ಶುಭಸಂದೇಶವೇ ಹೇಳುತ್ತದೆ. ಹಬ್ಬಕ್ಕೆ ಹಬ್ಬದ ಮರ್ಯಾದೆ ಇರಬೇಕು. ನನಗೆ ತೋರುವಂತೆ ಅತಿ ಇರುವುದು ಹಬ್ಬ ಮುಗಿದ ಮೇಲೆ ಉಳಿದ ಡಬ್ಬಿಯಲ್ಲಿ. ಯಾರೂ ಬಂದಿಲ್ಲ, ಯಾರಿಗೂ ಬಡಿಸುವುದಿಲ್ಲ, ಹಸಿವೂ ಇಲ್ಲ, ರಾತ್ರಿ ಟಿ.ವಿ. ಮುಂದೆ ಕೈ ತಾನಾಗಿ ಡಬ್ಬಿಗೆ ಹೋಗುತ್ತದೆ. ಹಬ್ಬದ ಊಟ ಹತ್ತು ಜನರದ್ದು, ಈ ತಿನ್ನುವಿಕೆ ಒಬ್ಬನದ್ದು.

ಹೊಟ್ಟೆಬಾಕತನವನ್ನು ಪರಿಮಾಣದಿಂದ ಮಾತ್ರ ಅಳೆಯಬಾರದು ಎಂಬುದು ಹಳೆಯ ತಿಳುವಳಿಕೆ. 590 ರಿಂದ 604 ರವರೆಗೆ ವಿಶ್ವಗುರುವಾಗಿದ್ದ ಮಹಾ ಸಂತ ಗ್ರೆಗೊರಿಯವರು ಅದಕ್ಕೆ ಐದು ದಾರಿಗಳನ್ನು ಹೇಳಿದ್ದರು; ಸಂತ ಥಾಮಸರೂ ಅದನ್ನೇ ಒಪ್ಪಿಕೊಂಡು ವಿವರಿಸುತ್ತಾರೆ. ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯದ್ದನ್ನೇ ಬಯಸುವುದು, ಹೆಚ್ಚು ತಿನ್ನುವುದು, ಆತುರದಿಂದ ಬಾಚಿ ತಿನ್ನುವುದು, ಮತ್ತು ಹೀಗೇ ಬೇಕು, ಇಂಥದ್ದೇ ಬೇಕು ಎಂದು ಅಡುಗೆಯಲ್ಲಿ ಅತಿ ನಾಜೂಕು ಮಾಡುವುದು. ಈ ಐದನೆಯದು ನಮ್ಮ ಸಕ್ಕರೆ ಬಿಟ್ಟವರಿಗೆ ಬಹಳ ಹತ್ತಿರದ್ದು. ಮಾವನವರು ಸಕ್ಕರೆ ಬಿಟ್ಟಿದ್ದಾರೆ. ಅವರ ಚಹಾ ಬೇರೆ. ಮಗ ಹಾಲನ್ನೂ ಬಿಟ್ಟಿದ್ದಾನೆ. ಅವನಿಗೆ ಹಸಿರು ಚಹಾ. ಮಗಳಿಗೆ ಬಿಸಿನೀರು, ನಿಂಬೆಹಣ್ಣು, ಜೇನುತುಪ್ಪ, ಅದೂ ಉಗುರುಬೆಚ್ಚಗೆ. ಅನ್ನ ಬೇಡ, ಸಜ್ಜಿ ರೊಟ್ಟಿ ಬೇಕು. ಶೇಂಗಾ ಚಟ್ನಿಗೆ ಬೆಲ್ಲ ಹಾಕಿದ್ದೀಯಾ ಎಂದು ವಿಚಾರಣೆ. ಮೂವರು ತ್ಯಾಗಿಗಳಿಗೆ ಬೆಳಗಿನ ಐದೂವರೆಗೆ ಎದ್ದು ಮೂರು ಪಾತ್ರೆ ಇಡುವವಳು ಸೊಸೆ. ಬಾಯಿ ಮೊದಲಿಗಿಂತ ಕಡಿಮೆ ತಿನ್ನುತ್ತಿರಬಹುದು, ಆದರೆ ಮನೆಯ ಎಲ್ಲರ ಗಮನವನ್ನೂ ಅದೇ ತಿನ್ನುತ್ತಿದೆ. ಗ್ರೆಗೊರಿಯವರ ಪಟ್ಟಿ ಹಿಡಿದು ನೋಡಿದರೆ ಜನವರಿಯಲ್ಲಿ ಡಬ್ಬಿಗೆ ಕೈ ಹಾಕಿದ ಹೊಟ್ಟೆಬಾಕತನವೇ ಮಾರ್ಚಿನಲ್ಲಿ ವೇಷ ಬದಲಿಸಿ ಕೂತಿದೆ.

ವೇಷ ಬದಲಿಸುವುದರಲ್ಲಿ ಸಕ್ಕರೆಗೆ ಹಳೆಯ ಅಭ್ಯಾಸವಿದೆ. ನಮ್ಮ ಸಂಸ್ಕೃತದ ಶರ್ಕರಾ ಎಂಬ ಶಬ್ದವೇ ಪರ್ಷಿಯನ್, ಅರಬ್ಬಿ ದಾಟಿ ಯುರೋಪಿನ ಭಾಷೆಗಳಿಗೆ ಹೋದದ್ದು. ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್, ಭಾರತದಲ್ಲಿ ಜೇನುನೊಣವಿಲ್ಲದೆ ಜೇನು ಕೊಡುವ ದಂಟು ಇದೆ ಎಂದು ವರದಿ ಮಾಡಿದ್ದನಂತೆ. ಸಂತ ಥಾಮಸರ 13 ನೆಯ ಶತಮಾನದ ಯುರೋಪಿನಲ್ಲಿ ಸಕ್ಕರೆ ಔಷಧದಂಗಡಿಯ ಸಾಮಾನು. ಮಸಾಲೆಯೊಡನೆ ಪಾಕ ಮಾಡಿ ಜೀರ್ಣಕ್ಕೆಂದು ಊಟದ ನಂತರ ಚೂರು ತಿನ್ನುತ್ತಿದ್ದರು, ನಮ್ಮಲ್ಲಿ ಲೇಹ್ಯ ತಿಂದ ಹಾಗೆ. ಆಗ ಒಂದು ಪ್ರಶ್ನೆ ಎದ್ದಿತು: ಉಪವಾಸದ ದಿನ ಈ ಪಾಕ ತಿಂದರೆ ಉಪವಾಸ ಮುರಿಯುತ್ತದೆಯೇ? ಇಲ್ಲ ಎಂದರು ಥಾಮಸರು, ಅದು ಸ್ವಲ್ಪ ಪೋಷಣೆ ಕೊಟ್ಟರೂ ಮುಖ್ಯವಾಗಿ ಪಚನಕ್ಕೆಂದೇ ತಿನ್ನುವುದರಿಂದ. ಆದರೆ ಕೂಡಲೇ ಒಂದು ಷರತ್ತನ್ನೂ ಸೇರಿಸಿದರು: ಮೋಸದಿಂದ, ಔಷಧದ ನೆಪ ಹೇಳಿ ಊಟದಷ್ಟು ತಿಂದರೆ ಆ ಮಾತು ನಿಲ್ಲುವುದಿಲ್ಲ. ಏಳೂವರೆ ಶತಮಾನದ ಹಿಂದೆಯೂ ಜನರಿಗೆ ಲೇಹ್ಯದ ಬರಣಿಯಲ್ಲಿ ಕೈ ಇಡುವ ಉಪಾಯ ತಿಳಿದಿತ್ತೆಂದು ಇದರಿಂದ ಅರ್ಥವಾಗುತ್ತದೆ. ಸಕ್ಕರೆ ಬಿಟ್ಟು ಬೆಲ್ಲದ ಚಹಾಕ್ಕೆ ಮೂರು ಚಮಚೆ ಹಾಕುವ ನಮ್ಮ ಜನ ಆ ವಂಶದವರೇ.

ಆ ಷರತ್ತಿನ ಇನ್ನೊಂದು ಮುಖ ನಮಗೆ ಹೆಚ್ಚು ಬೇಕಾದದ್ದು. ನಮ್ಮ ಧರ್ಮಕೇಂದ್ರದಲ್ಲಿ ಸಕ್ಕರೆ ಕಾಯಿಲೆಯಿಲ್ಲದ ಮನೆ ಹುಡುಕಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರು ಊಟ ಬಿಟ್ಟರೆ ರಕ್ತದ ಸಕ್ಕರೆ ಒಮ್ಮೆಲೇ ಕುಸಿದು ಬೆವರಿ, ನಡುಗಿ, ಪ್ರಜ್ಞೆ ತಪ್ಪಬಹುದು. ಅದಕ್ಕೇ ಅವರು ಜೇಬಿನಲ್ಲಿ ಸಕ್ಕರೆ ಇಟ್ಟುಕೊಂಡು ತಿರುಗುತ್ತಾರೆ. ಶುಭ ಶುಕ್ರವಾರ ಶಿಲುಬೆಹಾದಿಯ ನಡುವೆ ಅಂಥವರೊಬ್ಬರು ಆ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರೆ ಅದು ಔಷಧ, ಉಪವಾಸ ಮುರಿದದ್ದಲ್ಲ. ಇನ್ನು ಧರ್ಮಸಭೆಯ ನಿಯಮವೇ ಉಪವಾಸವನ್ನು 18 ತುಂಬಿದವರಿಂದ 59 ವರ್ಷದವರೆಗಿನವರಿಗೆ ಮಾತ್ರ ಹೇಳಿದೆ, ಅದೂ ಆರೋಗ್ಯವಿದ್ದವರಿಗೆ. ಎಪ್ಪತ್ತು ದಾಟಿದ ಅಜ್ಜಿ ಗುಳಿಗೆ ನುಂಗಿ ಹಸಿದು ಕೂತರೆ ಅದು ಭಕ್ತಿಯೆಂದು ಮನೆಯವರು ಹಿಗ್ಗಬಾರದು, ಒಂದು ತುತ್ತು ಉಣ್ಣಿಸಬೇಕು.

ಪಥ್ಯಕ್ಕೂ ಉಪವಾಸಕ್ಕೂ ನಿಜವಾದ ವ್ಯತ್ಯಾಸ ಎಲ್ಲಿದೆ ಎಂದು ಕೇಳಿದರೆ, ಬಿಟ್ಟ ವಸ್ತುವಿನಲ್ಲಿಲ್ಲ, ಇಳಿದ ತೂಕದಲ್ಲೂ ಇಲ್ಲ, ರವಿವಾರದಲ್ಲಿದೆ ಎನ್ನುತ್ತೇನೆ. ವಿಭೂತಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ ಎಣಿಸಿ ನೋಡಿ, 46 ದಿನ ಬರುತ್ತದೆ. ಅದರಲ್ಲಿ 6 ರವಿವಾರಗಳನ್ನು ಕಳೆದರೆ 40. ರವಿವಾರ ಕ್ರಿಸ್ತರ ಪುನರುತ್ಥಾನದ ದಿನ, ಆ ದಿನ ಉಪವಾಸವಿಲ್ಲವೆಂಬುದು ಪುರಾತನ ಪದ್ಧತಿ. ಪ್ರತಿವರ್ಷ ಯುವಜನರು ಗುರುಗಳನ್ನು ಕೇಳುತ್ತಾರೆ: "ಫಾದರ್, ರವಿವಾರ ಸಕ್ರಿ ತಿನ್ನಬಹುದಾ?" ಪ್ರಶ್ನೆ ಚಿಕ್ಕದಾದರೂ ಉತ್ತರ ಕೇಳುವವನೊಳಗೇ ಇದೆ. ತೂಕಕ್ಕಾಗಿ ಬಿಟ್ಟವನು ರವಿವಾರಕ್ಕೆ ಹೆದರುತ್ತಾನೆ. ಆರು ದಿನದ ದುಡಿಮೆ ಒಂದು ಮಧ್ಯಾಹ್ನದಲ್ಲಿ ಹಾಳಾದೀತೆಂದು. ಆಸೆಯನ್ನು ಬಿಡದೆ ಬಾಯಿ ಮಾತ್ರ ಕಟ್ಟಿದವನು ರವಿವಾರಕ್ಕೆ ಕಾದಿದ್ದು ಬೆಳಿಗ್ಗೆಯಿಂದ ರಾತ್ರಿಯವರೆಗೆ ಆರು ದಿನದ್ದನ್ನೂ ಮುಕ್ಕುತ್ತಾನೆ. ಉಪವಾಸ ಮಾಡಿದವನು ಮಾತ್ರ ಒಂದು ಉಂಡಿ ತಿಂದು, ರುಚಿಯಾಗಿತ್ತೆಂದು ಹೇಳಿ, ಸೋಮವಾರ ಮತ್ತೆ ಬಿಡಬಲ್ಲ. ಪಥ್ಯಕ್ಕೆ ಹಬ್ಬವಿಲ್ಲ. ಅದು ಆರೋಗ್ಯ ಬರುವವರೆಗೆ, ಇಲ್ಲವೇ ಬೇಸರ ಬರುವವರೆಗೆ ಒಂದೇ ಸಮನೆ ನಡೆಯುತ್ತದೆ. ಉಪವಾಸ ಮೊದಲಿನಿಂದಲೂ ಪಾಸ್ಕಹಬ್ಬದ ಕಡೆಗೆ ಮುಖಮಾಡಿಯೇ ಹೊರಟಿರುತ್ತದೆ. ಸಿಹಿಯನ್ನು ಬಿಡುವುದು ಸಿಹಿಯನ್ನು ಮರಳಿ ಪಡೆಯಲೆಂದೇ.

ಈ ಕಾರಣದಿಂದಲೇ ಮೊಬೈಲಿನಲ್ಲಿ ಓಡಾಡುವ "ಸಕ್ಕರೆ ಬಿಳಿ ವಿಷ" ಎಂಬ ಸಂದೇಶ ನನಗೆ ಒಗ್ಗುವುದಿಲ್ಲ. ಅತಿಯಾದರೆ ಕೆಡುಕು ಎನ್ನುವುದು ನಿಜ. ಹಲ್ಲಿಗೂ, ಯಕೃತ್ತಿಗೂ, ಸೊಂಟಕ್ಕೂ. ಆದರೆ ವಿಷವೆಂದರೆ? ದೇವರು ಸೃಷ್ಟಿಸಿದ್ದೆಲ್ಲ ಒಳ್ಳೆಯದು ಎಂದು ಸಂತ ಪೌಲರು ತಿಮೊಥೇಯನಿಗೆ ಬರೆದದ್ದು ಆಹಾರವನ್ನು ನಿಷೇಧಿಸುವವರ ವಿಷಯದಲ್ಲೇ. ಹೊರಗಿನಿಂದ ಬಾಯೊಳಗೆ ಹೋಗುವುದು ಮನುಷ್ಯನನ್ನು ಮೈಲಿಗೆ ಮಾಡದು ಎಂದು ಸ್ವಾಮಿಯೇ ಹೇಳಿದ್ದಾರೆ. ಅಲ್ಲದೆ ತರ್ಕವಾಗಿಯೂ ನೋಡಿ: ಸಕ್ಕರೆ ನಿಜವಾಗಿ ವಿಷವಾಗಿದ್ದರೆ ಅದನ್ನು ಬಿಟ್ಟು ದೇವರಿಗೆ ಅರ್ಪಿಸಿದೆನೆನ್ನುವವನು ಅರ್ಪಿಸಿದ್ದೇನು? ಇಲಿಪಾಷಾಣ ತಿನ್ನದಿರುವುದನ್ನು ಯಾರೂ ತ್ಯಾಗ ಎನ್ನುವುದಿಲ್ಲ. ಒಳ್ಳೆಯದನ್ನು, ಪ್ರೀತಿಯದನ್ನು ಬಿಟ್ಟಾಗ ಮಾತ್ರ ಅರ್ಪಣೆಯ ಮಾತು.

ವಿಭೂತಿ ಬುಧವಾರದ ಶುಭಸಂದೇಶ ಉಪವಾಸ ಮಾಡುವಾಗ ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೊಳ್ಳಲು, ಜನರಿಗೆ ಗೊತ್ತಾಗದಂತೆ ಇರಲು ಹೇಳುತ್ತದೆ. ಪಥ್ಯವನ್ನು ನಾಲ್ಕು ಜನಕ್ಕೆ ಹೇಳುವುದು ಒಳ್ಳೆಯದು, ಒತ್ತಾಯ ತಪ್ಪುತ್ತದೆ. ಉಪವಾಸವನ್ನು ಹೇಳಬಾರದು. ಹಾಗಾದರೆ ಪರರ ಮನೆಗೆ ಹೋದಾಗ ಏನು ಮಾಡಬೇಕು? ನಮ್ಮ ಸೋಲಾಪುರ, ಅಕ್ಕಲಕೋಟೆ ಕಡೆ ಬಂದವರಿಗೆ ಚಹಾ ಕೊಡದೆ ಕಳಿಸುವುದೂ ಇಲ್ಲ, ಕೊಟ್ಟದ್ದನ್ನು ಬೇಡವೆನ್ನುವುದೂ ಸುಲಭವಲ್ಲ. ಕನ್ನಡದ ಮನೆಯಾಗಲಿ, ಮರಾಠಿ, ತೆಲುಗು ಮನೆಯಾಗಲಿ, ಸಕ್ಕರೆ ಹಾಕಿ ಕುದಿಸಿಯೇ ತರುತ್ತಾರೆ. 5 ನೆಯ ಶತಮಾನದ ಆರಂಭದಲ್ಲಿ ಬರೆದ ಯೊವಾನ್ ಕಾಸಿಯಾನರು ಈಜಿಪ್ಟಿನ ಮರುಭೂಮಿಯ ತಪಸ್ವಿಗಳ ಬಗ್ಗೆ ಒಂದು ಸಂಗತಿ ದಾಖಲಿಸಿದ್ದಾರೆ. ಅತಿಥಿಗಳು ಬಂದಾಗ ಆ ತಪಸ್ವಿಗಳು ಉಪವಾಸ ಬಿಟ್ಟು ಜೊತೆಗೆ ಉಣ್ಣುತ್ತಿದ್ದರು. ಯಾಕೆಂದು ಕೇಳಿದಾಗ ಒಬ್ಬ ಹಿರಿಯರು, ಉಪವಾಸ ಯಾವಾಗಲೂ ನನ್ನ ಬಳಿಯೇ ಇರುತ್ತದೆ, ನಿಮ್ಮನ್ನು ಹಾಗೆ ಇಟ್ಟುಕೊಳ್ಳಲಾರೆನಲ್ಲ ಎಂಬ ಅರ್ಥದ ಉತ್ತರ ಕೊಟ್ಟರಂತೆ. ಉಣ್ಣದೆ ಬದುಕುವುದರಲ್ಲಿ ನಮ್ಮೆಲ್ಲರಿಗಿಂತ ಪಳಗಿದವರ ಮಾತಿದು. ಬಡವರ ಮನೆಯಲ್ಲಿ ಪಕ್ಕದವರಿಂದ ಕೇಳಿ ತಂದ ಹಾಲಿನಲ್ಲಿ ಮಾಡಿದ ಚಹಾವನ್ನು "ನಂದು ವ್ರತ ಐತಿ" ಎಂದು ತಳ್ಳುವುದಕ್ಕಿಂತ ಅರ್ಧ ಕಪ್ ಕುಡಿಯುವುದು ಮೇಲು ಎಂದೇ ನನ್ನ ಅಭಿಪ್ರಾಯ. ಸಕ್ಕರೆ ಕಾಯಿಲೆಯಿದ್ದವರು ಮಾತ್ರ ಸಂಕೋಚಪಡದೆ ಮೊದಲೇ ಹೇಳಬೇಕು.

ಇನ್ನು ಉಳಿಸಿದ ಹಣದ ಮಾತು. 2 ನೆಯ ಶತಮಾನದಲ್ಲಿ ರೋಮಿನಲ್ಲಿ ಹುಟ್ಟಿದ "ಹೆರ್ಮಾಸನ ಕುರುಬ" ಎಂಬ ಗ್ರಂಥದಲ್ಲಿ ಉಪವಾಸ ಮಾಡುವವನಿಗೆ ಕೊಟ್ಟ ಸೂಚನೆ ತೀರ ಅಂಗಡಿಯ ಲೆಕ್ಕದಂತಿದೆ: ಆ ದಿನ ಉಣ್ಣಬೇಕಾಗಿದ್ದ ಊಟದ ಬೆಲೆಯನ್ನು ಎಣಿಸಿ, ಅಷ್ಟನ್ನು ವಿಧವೆಗೋ ಅನಾಥನಿಗೋ ಕೊಡಬೇಕು. ನಮ್ಮ ಚಹಾದ 1,600 ಗ್ರಾಮಿಗೆ ಕಿಲೋಗೆ 45 ರೂಪಾಯಿಯಂತೆ ಹಿಡಿದರೆ ಆಗುವುದು 72 ರೂಪಾಯಿ. ಇಷ್ಟೇ! ನಲವತ್ತು ದಿನದ ತ್ಯಾಗದ ಬಗ್ಗೆ ಅಂಗಳದಲ್ಲಿ ಆದ ಮಾತಿಗೆ ಹೋಲಿಸಿದರೆ ಕಾಣಿಕೆಪೆಟ್ಟಿಗೆಗೆ ಬೀಳುವುದು ಅಲ್ಪ. ಸಕ್ಕರೆ ಅಷ್ಟು ಅಗ್ಗ.

ಅಷ್ಟು ಅಗ್ಗ ಹೇಗಾಯಿತು ಎಂಬ ಪ್ರಶ್ನೆ ನಮ್ಮ ಜಿಲ್ಲೆಯವರಿಗೆ ದೂರದ್ದಲ್ಲ. ದೀಪಾವಳಿ ಕಳೆದ ಮೇಲೆ ಬೀಡ್ ಮುಂತಾದ ಮರಾಠವಾಡಾ ಜಿಲ್ಲೆಗಳಿಂದ ಕಬ್ಬು ಕಡಿಯುವವರು ಎತ್ತಿನ ಗಾಡಿ, ಟ್ರ್ಯಾಕ್ಟರುಗಳಲ್ಲಿ ಹೆಂಡಿರು ಮಕ್ಕಳೊಡನೆ ಬರುತ್ತಾರೆ. ಕಾರ್ಖಾನೆಯ ಹಂಗಾಮು ಮುಗಿಯುವ ಮಾರ್ಚ್, ಏಪ್ರಿಲ್ ತನಕ ಹೊಲದ ಬದಿಯ ಗುಡಿಸಲುಗಳಲ್ಲಿ ಇರುತ್ತಾರೆ. ನಮ್ಮ ಕ್ರಿಸ್ತಜಯಂತಿಯಿಂದ ತಪಸ್ಸುಕಾಲದವರೆಗಿನ ಅವಧಿಯೇ ಅವರ ದುಡಿಮೆಯ ಅವಧಿ. ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು "ಕೊಯತಾ" ಎಂದು ಲೆಕ್ಕ ಹಿಡಿಯುತ್ತಾರೆ. ಕೊಯತಾ ಎಂದರೆ ಕಬ್ಬು ಕಡಿಯುವ ಕತ್ತಿ. ಮುಂಗಡ ತೆಗೆದುಕೊಂಡು ಬಂದವರಾದ್ದರಿಂದ ಒಂದು ದಿನ ಕೆಲಸ ತಪ್ಪಿದರೆ ದಂಡ. ಮುಟ್ಟಿನ ದಿನಗಳ ಕೆಲಸವೂ ತಪ್ಪಬಾರದೆಂದು ಚಿಕ್ಕ ವಯಸ್ಸಿನ ಹೆಂಗಸರು ಗರ್ಭಕೋಶವನ್ನೇ ತೆಗೆಸಿಕೊಂಡಿದ್ದಾರೆಂಬ ಸುದ್ದಿ 2019 ರಲ್ಲಿ ದೇಶವೆಲ್ಲ ಹರಡಿತು. ಬೀಡ್ ಜಿಲ್ಲೆಯಲ್ಲಿ ಆಗ ನಡೆದ ಸಮೀಕ್ಷೆಯಲ್ಲಿ, ಮಾತಾಡಿಸಿದ 82,000 ಕ್ಕೂ ಹೆಚ್ಚು ಕಬ್ಬಿನ ಕೂಲಿ ಹೆಂಗಸರಲ್ಲಿ 13,000 ಕ್ಕೂ ಹೆಚ್ಚು ಮಂದಿಗೆ ಆ ಶಸ್ತ್ರಚಿಕಿತ್ಸೆ ಆಗಿತ್ತು. ನಸುಕಿನ ಚಳಿಯಲ್ಲಿ ಹೊಲಕ್ಕಿಳಿಯುವ ಅವರಿಗೆ ಸಕ್ಕರೆ ಹಾಕಿದ ಕರಿ ಚಹಾ ಅರ್ಧ ಊಟವಿದ್ದಂತೆ. ಸಕ್ಕರೆ ಬಿಡುವ ಪ್ರಶ್ನೆ ಅವರಿಗೆ ಏಳುವುದಿಲ್ಲ.

ಇತಿಹಾಸದಲ್ಲಿ ಮೈಗಾಗಿಯಲ್ಲದೆ ಪರರಿಗಾಗಿ ಸಕ್ಕರೆ ಬಿಟ್ಟವರೂ ಇದ್ದಾರೆ. 1791 ರಲ್ಲಿ ಇಂಗ್ಲೆಂಡಿನ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಪ್ರಸ್ತಾಪವನ್ನು ತಳ್ಳಿಹಾಕಿದಾಗ, ವಿಲಿಯಂ ಫಾಕ್ಸ್ ಎಂಬವರು ಒಂದು ಕಿರುಹೊತ್ತಿಗೆ ಬರೆದು, ವೆಸ್ಟ್ ಇಂಡೀಸಿನ ಗುಲಾಮರು ಬೆಳೆದ ಸಕ್ಕರೆಯನ್ನು ಬಿಡಲು ಕರೆಕೊಟ್ಟರು. ಸುಮಾರು 3 ಲಕ್ಷ ಜನ ಬಿಟ್ಟರೆಂದು ಆ ಚಳವಳಿಯ ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ್ದರು. ಮನೆಯ ಸಾಮಾನು ತರುವುದು ಹೆಂಗಸರ ಕೈಯಲ್ಲಿದ್ದುದರಿಂದ ಅವರೇ ಮುಂದಾಗಿದ್ದರು. ಕೆಲವರು ಗುಲಾಮರ ಬೆವರಿಲ್ಲದ್ದೆಂದು ಭಾರತದ ಸಕ್ಕರೆ ಕೊಂಡರು. ಅವರ ಸೊಂಟ ಎಷ್ಟು ಇಳಿಯಿತೋ ಯಾರೂ ಬರೆದಿಟ್ಟಿಲ್ಲ. ನಾವು ಹಾಗೆ ಬಹಿಷ್ಕಾರ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಹಂಗಾಮು ನಿಂತರೆ ಮೊದಲು ಕೂಲಿ ಕಳೆದುಕೊಳ್ಳುವವರು ಅದೇ ಕೊಯತಾದವರು. ಆದರೆ 72 ರೂಪಾಯಿಯನ್ನು ಪೆಟ್ಟಿಗೆಗೆ ಹಾಕುವುದರ ಜೊತೆಗೆ, ಹೊಲದ ಬದಿಯ ಆ ಗುಡಿಸಲುಗಳ ಮಕ್ಕಳು ಈ ಆರು ತಿಂಗಳು ಶಾಲೆಗೆ ಹೋಗುತ್ತಾರೋ ಇಲ್ಲವೋ ಎಂದು ಯಾರಾದರೊಬ್ಬರು ನೋಡಿ ಬರುವುದು ಸಕ್ಕರೆ ಬಿಟ್ಟಿದ್ದಕ್ಕೆ ಸಂಬಂಧವಿಲ್ಲದ ಕೆಲಸವೇನಲ್ಲ. ಯೆಶಾಯ ಪ್ರವಾದಿ ತಮ್ಮ 58 ನೆಯ ಅಧ್ಯಾಯದಲ್ಲಿ ಉಪವಾಸದ ದಿನವೇ ಕೂಲಿಯವರನ್ನು ದುಡಿಸಿಕೊಳ್ಳುವವರ ಮಾತನ್ನೆತ್ತಿದ್ದು ಸುಮ್ಮನೆ ಅಲ್ಲ.

ಇಷ್ಟು ಹೇಳಿದ ಮೇಲೂ ಪಥ್ಯಕ್ಕೂ ಸೇರದ, ಉಪವಾಸಕ್ಕೂ ಸೇರದ ಸಕ್ಕರೆತ್ಯಾಗ ಇನ್ನೊಂದು ಉಳಿಯುತ್ತದೆ. ಹಲವು ಮನೆಗಳಲ್ಲಿ ಅದನ್ನು ಕಾಣಬಹುದು. ಗಂಡನಿಗೆ ಸಕ್ಕರೆ ಕಾಯಿಲೆ ಎಂದು ವೈದ್ಯರು ಹೇಳಿದ ದಿನದಿಂದ ಹೆಂಡತಿಯೂ ಸಪ್ಪೆ ಚಹಾ ಕುಡಿಯತೊಡಗುತ್ತಾಳೆ. ಆಕೆಗೆ ರೋಗವಿಲ್ಲ, ತೂಕದ ಚಿಂತೆಯಿಲ್ಲ, ಯಾವ ಹರಕೆಯೂ ಇಲ್ಲ. ಅವರ ಮುಂದೆ ತಾನೊಬ್ಬಳೇ ಸಿಹಿ ಕುಡಿಯುವುದು ಹೇಗೆ ಎಂದು, ಅಷ್ಟೇ. ವರ್ಷಗಟ್ಟಲೆ ನಡೆಯುತ್ತದೆ, ರವಿವಾರವೂ ಇಲ್ಲ, ಪಾಸ್ಕಹಬ್ಬವೂ ಇಲ್ಲ, ಅಂಗಳದಲ್ಲಿ ಅದರ ಮಾತೂ ಬರುವುದಿಲ್ಲ. ಮನೆಯಲ್ಲಿ ಒಂದೇ ಪಾತ್ರೆಯಲ್ಲಿ ಚಹಾ ಆಗುತ್ತದೆ. ಹೆಂಡತಿಗೇ ಆ ಕಾಯಿಲೆ ಬಂದ ಮನೆಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಅಲ್ಲಿ ಆಕೆ ಬೆಳಿಗ್ಗೆ ಎದ್ದು ಎರಡು ಪಾತ್ರೆ ಇಡುತ್ತಾಳೆ. ಒಂದರಲ್ಲಿ ತನ್ನದು, ಇನ್ನೊಂದರಲ್ಲಿ ಗಂಡನದು, ಎರಡು ಚಮಚೆ ಸಕ್ಕರೆ ಹಾಕಿ.